ಹೊಲಕ್ಕೆ ಹೋಗುವ ದಾರಿ

ರಾಯಚೂರು ಸೀಮೆಯಲ್ಲಿ ಹೊಲದ ದಾರಿಗಾಗಿ ಜಗಳ ಹೆಚ್ಚಿದ್ದು ಜನರ ಮನಸ್ಸು ಸಣ್ಣದಾದ್ದರಿಂದ ಎಂದು ಹಿರಿಯರು ಗೊಣಗುತ್ತಾರೆ. ನಾನು ಇದಕ್ಕೆ ಕಾಲುವೆಯ ನೀರನ್ನು ಹೊಣೆ ಮಾಡುತ್ತೇನೆ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಎರೆಭೂಮಿ ಹೆಚ್ಚಾಗಿ ಮಳೆಯನ್ನೇ ನಂಬಿತ್ತು. ಜೋಳ, ಹತ್ತಿ ಕೈಸೇರಿದ ಮೇಲೆ ಹೊಲ ಬಯಲಾಗುತ್ತಿತ್ತು. ಪಕ್ಕದವನ ಬಂಡಿ ಅಡ್ಡ ಹಾಯ್ದರೆ ನಷ್ಟವೇನೂ ಇರಲಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದಾಗಲೂ ಬದಲಾದದ್ದು ಕಂದಾಯ ಯಾರಿಗೆ ಸೇರಬೇಕು ಎಂಬುದು. ಬಂಡಿ ಜಾಡು ಇದ್ದಲ್ಲೇ ಇತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಮಾನ್ವಿಯ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ದೇವದುರ್ಗಕ್ಕೆ ಬಹಳ ತಡವಾಗಿ ನಾರಾಯಣಪುರ ಬಲದಂಡೆಯ ನೀರು ಬಂತು. ನೀರು ಸಿಕ್ಕ ಕಡೆ ಹೊಲ ಖಾಲಿ ಬೀಳುವ ತಿಂಗಳುಗಳೇ ಕಡಿಮೆಯಾದವು, ಗೇಣಗಲದ ಬದುವಿಗೂ ಬೆಲೆ ಬಂತು. ಸುಗ್ಗಿಯ ನಂತರದ ಬಯಲನ್ನೇ ನಂಬಿದ್ದ ದಾರಿ ಹೀಗೆ ಇಲ್ಲವಾಯಿತು.

ಹಣ ಕೊಟ್ಟು ಕೊಂಡ ನೆಲದಲ್ಲಿ ಬೇರೆಯವರಿಗೇಕೆ ದಾರಿ ಬಿಡಬೇಕು ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಒಂದೇ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ ಒಳಗಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ, 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಹೊರಗಿನ ತುಂಡಿನವನು ದಾರಿ ಬಿಡಲೇಬೇಕು. ಅಡ್ಡಿಯಿಲ್ಲದೆ, ತನ್ನ ಹಕ್ಕೆಂದೇ 20 ವರ್ಷ ನಡೆದಾಡಿದವನಿಗೂ ಅಲ್ಲಿ ಹಕ್ಕುಂಟು. ಅದೇ ಕಾಯ್ದೆ ನೆಲದ ಒಡೆಯನನ್ನೂ ಕಾಯುತ್ತದೆ: ದಾರಿಯನ್ನು ಅವನಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಬಳಸಬೇಕು, ಕಾಲುದಾರಿಯ ಹಕ್ಕು ತಾನಾಗಿ ಬಂಡಿದಾರಿಯ ಹಕ್ಕಾಗದು. ಭತ್ತ ಕೊಯ್ಯುವ ದೊಡ್ಡ ಯಂತ್ರ ಬದು ತುಳಿದುಕೊಂಡು ಬಂದಾಗ ಒಡೆಯ ಕೂಗಾಡಿದರೆ ಅದು ಬರೀ ಹಟವಲ್ಲ.

ಗ್ರಾಮ ನಕಾಶೆಯಲ್ಲಿ ಇರುವ ದಾರಿ ಸಾಕಲ್ಲವೇ ಎಂದರೆ, ನಕಾಶೆ ಬರೆದ ಮೇಲೆ ಆದ ಪಾಲುಗಳು ಅದರಲ್ಲಿ ಎಲ್ಲಿಂದ ಬರಬೇಕು? ರಾಯಚೂರು ನಗರದ ಅಂಚಿನಲ್ಲಿ ಹೊಲಗಳು ನಿವೇಶನಗಳಾದಾಗಲೂ ಇದೇ ತೊಡಕು. ಆದ್ದರಿಂದ ಪಾಲುಪತ್ರದಲ್ಲಿ, ಕ್ರಯಪತ್ರದಲ್ಲಿ ದಾರಿಯ ಅಗಲ, ದಿಕ್ಕು ಬರೆಸುವುದೇ ಸರಿ. ಪತ್ರವಿಲ್ಲದವರು ಕಾಲ ಮೀರಲು ಬಿಡಬಾರದು. ದಾರಿಯ ತಕರಾರು ಶಾಂತಿಭಂಗಕ್ಕೆ ತಿರುಗುವಂತಿದ್ದರೆ ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರು, ಸಿವಿಲ್ ನ್ಯಾಯಾಲಯ ತೀರ್ಮಾನಿಸುವವರೆಗೆ, ಅಡ್ಡಿ ಮಾಡದಂತೆ ಆದೇಶಿಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳಲ್ಲಿ, ಹಂಗಾಮಿನ ದಾರಿಯಾದರೆ ಹಿಂದಿನ ಹಂಗಾಮಿನಲ್ಲಿ ಅದನ್ನು ಬಳಸಿರಬೇಕು. ದೂರು ಕೊಡದೆ ಒಂದು ಸುಗ್ಗಿ ಸುಮ್ಮನಿದ್ದವರಿಗೆ ಆ ಬಾಗಿಲು ಮುಚ್ಚುತ್ತದೆ. ಅವರಿಗೆ ಉಳಿಯುವುದು ಸಿವಿಲ್ ದಾವೆಯೊಂದೇ.