ಜರ್ಮನಿಯ ಹಬ್ಬಗಳು: ಹೊರನಾಡಿಗನೊಬ್ಬನ ಅನುಭವ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಉದ್ಯೋಗನಿಮಿತ್ತವಾಗಿ ಕೆಲವು ವರ್ಷಗಳನ್ನು ಜರ್ಮನಿಯಲ್ಲಿ ಕಳೆದವನು ನಾನು. ಅಲ್ಲಿನ ಹಬ್ಬಹರಿದಿನಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಕಾಸರಗೋಡಿನವರಾದ ನಮಗೆ ಜರ್ಮನಿಯು ತೀರ ಅಪರಿಚಿತವಾದ ನಾಡೇನೂ ಅಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1872ರಲ್ಲಿ ಮಲೆಯಾಳಕ್ಕೆ ನಿಘಂಟನ್ನು ಕೊಟ್ಟ ಹರ್ಮನ್ ಗುಂಡರ್ಟ್, 1894ರಲ್ಲಿ ಕನ್ನಡದ ನಿಘಂಟನ್ನು ನಮ್ಮ ಕೈಗಿತ್ತ ಫರ್ಡಿನಾಂಡ್ ಕಿಟ್ಟೆಲ್, ಈ ಮೂವರೂ ಆ ನಾಡಿನಲ್ಲಿ ಹುಟ್ಟಿದವರು. ನಮ್ಮ ಅಂಗಳದಲ್ಲಿ ಕೇಳಿಬರುವ ಎರಡು ನುಡಿಗಳೂ ಅವರಿಗೆ ಋಣಿಯಾಗಿವೆ.

ಹೊರನಾಡಿನವನಿಗೆ ಅಲ್ಲಿ ಮೊದಲು ಅನುಭವಕ್ಕೆ ಬರುವುದು ಹಬ್ಬದ ಗದ್ದಲವಲ್ಲ, ಹಬ್ಬದ ಮೌನ. ನಮ್ಮಲ್ಲಿ ಜಾತ್ರೆಯೆಂದರೆ ಊರಿಗೆ ಊರೇ ಬೀದಿಗಿಳಿಯುತ್ತದೆ. ಅಲ್ಲಿ ದಶಂಬರ 24ರ ಮಧ್ಯಾಹ್ನಕ್ಕೆ ಅಂಗಡಿಗಳ ಬಾಗಿಲು ಬೀಳುತ್ತದೆ; ಸಂಜೆಯಾಗುವಷ್ಟರಲ್ಲಿ ಬೀದಿಯು ಬರಿದಾಗುತ್ತದೆ. 25 ಮತ್ತು 26, ಎರಡು ದಿನವೂ ರಜೆ. ಎಲ್ಲ ಕಿಟಕಿಗಳಲ್ಲಿಯೂ ಬೆಳಕು ಕಾಣುತ್ತದೆ. ಆದರೆ ಆ ಬೆಳಕೆಲ್ಲ ಮನೆಯವರಿಗೆ ಸೇರಿದ್ದು. ನನ್ನ ಮೊದಲ ವರ್ಷದ ಕ್ರಿಸ್ಮಸ್ ಸಂಜೆ ಕೆಳಮನೆಯ ವೃದ್ಧೆಯೊಬ್ಬರು ಮೆಟ್ಟಿಲು ಹತ್ತಿ ಬಂದು, “ಈ ಸಂಜೆ ಯಾರೂ ಒಬ್ಬರೇ ಇರಬಾರದು” ಎಂದು ನನ್ನನ್ನು ಊಟಕ್ಕೆ ಕರೆದೊಯ್ದರು. ಮಹಾ ಹಬ್ಬದ ಊಟವೆಂದರೆ ಏನೇನಿರುವುದೋ ಎಂದುಕೊಂಡಿದ್ದೆ. ಇದ್ದದ್ದು ಬೇಯಿಸಿದ ಆಲೂಗಡ್ಡೆಯ ತಣ್ಣನೆಯ ಕಲಸು ಮಾತ್ರ. ನನಗಾಗಿ ಮಾಂಸವನ್ನು ಬೇರೆಯಾಗಿ ಇಟ್ಟಿದ್ದರು. ಆ ಸಂಜೆ ಸರಳ ಭೋಜನವನ್ನು ಮಾಡಿ, ಮರುದಿನಕ್ಕೆ ದೊಡ್ಡ ಔತಣವನ್ನು ಇಟ್ಟುಕೊಳ್ಳುವುದು ಅಲ್ಲಿನ ಅನೇಕ ಮನೆಗಳ ಪದ್ಧತಿಯೆಂದು ಬಳಿಕ ತಿಳಿಯಿತು.

ಕ್ರಿಸ್ಮಸ್ಸಿನ ಸಿದ್ಧತೆಯಾದರೋ ನಾಲ್ಕು ವಾರಗಳದು. ಇದನ್ನು ಅಡ್ವೆಂಟ್ ಎನ್ನುತ್ತಾರೆ. ಹಸುರು ಸೊಪ್ಪಿನ ಬಳೆಯೊಂದರಲ್ಲಿ ನಾಲ್ಕು ಮೇಣದ ಬತ್ತಿಗಳನ್ನು ನಿಲ್ಲಿಸಿ, ಪ್ರತಿ ಭಾನುವಾರ ಒಂದೊಂದನ್ನು ಹೆಚ್ಚಾಗಿ ಬೆಳಗಿಸುತ್ತಾರೆ. ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿಯು 1839ರಲ್ಲಿ ಹಳೆಯ ಗಾಡಿಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದನು. ಹಬ್ಬಕ್ಕೆ ಇನ್ನೆಷ್ಟು ದಿನವೆಂದು ದಿನವೂ ಕೇಳುತ್ತಿದ್ದ ಮಕ್ಕಳಿಗೆ ಅದು ಎಣಿಕೆಯ ಸಾಧನವಾಯಿತು. ಇಂದು ಮನೆಮನೆಯಲ್ಲಿಯೂ ಕಾಣುವ ಸಂಪ್ರದಾಯದ ಮೂಲವಿದು. ದಶಂಬರ 5ರ ರಾತ್ರಿ ಮಕ್ಕಳು ತಮ್ಮ ಪಾದರಕ್ಷೆಗಳನ್ನು ಉಜ್ಜಿ ಬಾಗಿಲ ಬಳಿ ಇಡುತ್ತಾರೆ. ಬೆಳಗಾಗುವಾಗ ಸಂತ ನಿಕೋಲಾಸನು ಅದರಲ್ಲಿ ಸಿಹಿಯನ್ನು ತುಂಬಿರುತ್ತಾನೆ. ನವಂಬರ 11ರ ಸಂಜೆ ಕಾಗದದ ಗೂಡುದೀಪಗಳನ್ನು ಹಿಡಿದು, ಹಾಡುತ್ತ ಬೀದಿಯಲ್ಲಿ ಸಾಗುತ್ತಾರೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಸೀಳಿ ಅರ್ಧವನ್ನಿತ್ತ ಸಂತ ಮಾರ್ಟಿನನ ನೆನಪಿನ ಹಬ್ಬವದು. ದೀಪಾವಳಿಯಂದು ಬಲೀಂದ್ರನನ್ನು ಕೂಗಿ ಕರೆಯುವ ನಮ್ಮ ಮಕ್ಕಳನ್ನು ಕಂಡವರಿಗೆ ಆ ದೃಶ್ಯವು ಪರಕೀಯವೆನಿಸದು.

ಇನ್ನೊಂದು ವಿಶೇಷವನ್ನು ತಾವು ಗಮನಿಸಬೇಕು. ಜರ್ಮನಿಯ ಹಬ್ಬಗಳೆಲ್ಲ ದೇಶಕ್ಕೆಲ್ಲ ಒಂದೇ ಬಗೆಯವಲ್ಲ. ಈಸ್ಟರಿನ ಮುನ್ನಿನ ಉಪವಾಸಕಾಲಕ್ಕೆ ಮೊದಲು ಬರುವ ವೇಷದ ಹಬ್ಬವನ್ನು ರೈನ್ ತೀರದವರು ಕಾರ್ನೆವಾಲ್ ಎಂದರೆ, ಬವೇರಿಯದವರು ಫಾಶಿಂಗ್ ಎನ್ನುತ್ತಾರೆ. ನೈಋತ್ಯದವರಿಗೆ ಅದೇ ಫಾಸ್ಟ್‌ನಾಖ್ಟ್. ಕಲೋನ್ ನಗರದ ಮೆರವಣಿಗೆಯಲ್ಲಿ ‘ಅಲಾಫ್’ ಎಂದು ಕೂಗಬೇಕು. ಸಮೀಪದ ಡುಸೆಲ್‌ಡಾರ್ಫಿನಲ್ಲಿ ‘ಹೆಲಾವ್’ ಎನ್ನಬೇಕು. ಒಂದರ ಕೂಗನ್ನು ಇನ್ನೊಂದರಲ್ಲಿ ಹಾಕಿದವನು ನಗೆಗೀಡಾಗುವುದು ಖಂಡಿತ. ಕಲೋನಿನವರು ಅಂದು ಹಾಡುವುದು ಪಠ್ಯಪುಸ್ತಕದ ಜರ್ಮನ್ ಭಾಷೆಯಲ್ಲಲ್ಲ, ತಮ್ಮೂರಿನ ಆಡುನುಡಿಯಲ್ಲಿ. ರಜೆಗಳೂ ಪ್ರಾಂತಕ್ಕೊಂದು ತೆರ. ಔಗ್ಸ್‌ಬುರ್ಗ್ ನಗರದವರು 1650ರಿಂದ ಆಗಸ್ಟ್ 8ರಂದು ಶಾಂತಿಯ ಹಬ್ಬವನ್ನು ಆಚರಿಸುತ್ತ ಬಂದಿದ್ದಾರೆ. ಆ ರಜೆ ಆ ಒಂದು ನಗರಕ್ಕೆ ಮಾತ್ರ. ಒಂದೇ ರಾಷ್ಟ್ರವಾಗಿರುವುದಕ್ಕೆ ಒಂದೇ ಬಗೆಯವರಾಗಿರಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನವಂಬರ 1 ಅಲ್ಲಿನ ಕೆಥೊಲಿಕ್ ಪ್ರಾಂತಗಳಲ್ಲಿ ಸರ್ವಸಂತರ ದಿನ. ಜನರು ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಗಳ ಮೇಲೆ ದೀಪವಿಟ್ಟು ಬರುತ್ತಾರೆ. 1956ರ ನವಂಬರ 1 ನಮ್ಮ ಪಾಲಿಗೆ ಎಂತಹ ದಿನವಾಯಿತೆಂಬುದನ್ನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ದೂರದೇಶದ ಆ ದೀಪಗಳ ಸಾಲಿನ ನಡುವೆ ನಿಂತಾಗ, ಕನ್ನಡವನ್ನು ಈ ಮಣ್ಣಿನಲ್ಲಿ ಉಳಿಸಿಕೊಟ್ಟ ನಮ್ಮ ಹಿರಿಯರ ನೆನಪು ನನಗಾಯಿತು.

ಆದರೆ ತಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸೋರ್ಬ್ ಜನರ ವಿಷಯ. ಜರ್ಮನಿಯ ಪೂರ್ವದಲ್ಲಿ, ಪೋಲೆಂಡ್ ಮತ್ತು ಚೆಕ್ ದೇಶಗಳ ಗಡಿಯತ್ತ, ಲೌಸಿಟ್ಸ್ ಎಂಬ ಸೀಮೆಯಿದೆ. ಸಾವಿರ ವರ್ಷಗಳಿಗೂ ಮಿಗಿಲಾಗಿ ಅಲ್ಲಿ ನೆಲೆಸಿರುವ ಸೋರ್ಬರ ನುಡಿಯು ಜರ್ಮನ್ ಅಲ್ಲ, ಸ್ಲಾವ್ ಕುಲದ್ದು. ಅವರ ಸಂಖ್ಯೆ ಸುಮಾರು 60,000 ಎಂದು ಹೇಳುವುದು ವಾಡಿಕೆ. ಬೌಟ್ಸೆನ್ ನಗರದಲ್ಲಿ ಬೀದಿಗಳ ಹೆಸರನ್ನು ಎರಡು ಭಾಷೆಗಳಲ್ಲಿಯೂ ಬರೆದಿದ್ದಾರೆ. ನಮ್ಮ ಸಂಘದಂತೆಯೇ ಅವರಿಗೂ 1912ರಲ್ಲಿ ಸ್ಥಾಪನೆಯಾದ ‘ಡೊಮೊವಿನಾ’ ಎಂಬ ಸಂಸ್ಥೆಯುಂಟು. 1937ರಲ್ಲಿ ನಾತ್ಸಿ ಸರಕಾರವು ಅದನ್ನು ನಿಷೇಧಿಸಿತು. 1945ರಲ್ಲಿ ಅದು ಮರಳಿ ತಲೆಯೆತ್ತಿತು.

ಅವರ ಹಬ್ಬಗಳನ್ನು ನೋಡಬೇಕು! ಜನವರಿ 25ರಂದು ‘ಹಕ್ಕಿಗಳ ಮದುವೆ’. ಚಳಿಗಾಲದಲ್ಲಿ ಕಾಳು ಹಾಕಿದ ಮಕ್ಕಳಿಗೆ ಹಕ್ಕಿಗಳು ಮದುವೆಯ ಸಿಹಿಯನ್ನು ಕಳುಹಿಸುತ್ತವೆಂದು ನಂಬಿಕೆ. ಮಕ್ಕಳು ಕಿಟಕಿಯಲ್ಲಿ ತಟ್ಟೆಯನ್ನಿಡುತ್ತಾರೆ. ಶಿಶುವಿಹಾರದ ಪುಟಾಣಿಗಳು ಸೋರ್ಬರ ಮದುವೆಯ ಉಡುಗೆಯನ್ನು ತೊಟ್ಟು ವಧೂವರರಾಗಿ ಮೆರೆಯುತ್ತಾರೆ. ಈಸ್ಟರಿಗೆ ಮುನ್ನ ಮೊಟ್ಟೆಗಳ ಮೇಲೆ, ತುದಿ ಕತ್ತರಿಸಿದ ಗರಿಯನ್ನು ಕರಗಿದ ಮೇಣದಲ್ಲಿ ಅದ್ದಿ, ಚಿತ್ತಾರ ಬರೆದು ಬಣ್ಣವೇರಿಸುತ್ತಾರೆ. ಈಸ್ಟರಿನ ದಿನ ಕೆಥೊಲಿಕ್ ಸೋರ್ಬ್ ಗಂಡಸರು ಕರಿಯ ನಿಲುವಂಗಿ, ಎತ್ತರದ ಟೊಪ್ಪಿಗೆ ಧರಿಸಿ, ಶೃಂಗರಿಸಿದ ಕುದುರೆಗಳನ್ನೇರಿ, ಒಂದು ಗ್ರಾಮದಿಂದ ಇನ್ನೊಂದಕ್ಕೆ ತಮ್ಮ ನುಡಿಯಲ್ಲಿಯೇ ಹಾಡುತ್ತ ಸಾಗುತ್ತಾರೆ. ತಂದೆಯ ಬದಿಯಲ್ಲಿ ಮಗನೂ ಕುದುರೆಯ ಮೇಲಿರುತ್ತಾನೆ.

ಸೋರ್ಬ್ ನುಡಿಗೆ ಕಾನೂನಿನ ರಕ್ಷಣೆಯಿದೆ, ಶಾಲೆಗಳಿವೆ. ಆದರೂ ಅದನ್ನಾಡುವವರ ಸಂಖ್ಯೆ ಕುಗ್ಗುತ್ತ ಬಂದಿದೆ. ಆ ಭಾಷೆಯು ನಿತ್ಯದ ಮಾತಾಗಿ ಹೆಚ್ಚು ಗಟ್ಟಿಯಾಗಿ ಉಳಿದಿರುವುದು, ಈ ಕುದುರೆಗಳ ಮೆರವಣಿಗೆ ಇನ್ನೂ ನಡೆಯುತ್ತಿರುವ ಹಳ್ಳಿಗಳಲ್ಲಿ. ಇದರರ್ಥ ಶಾಲೆ ಬೇಡ, ಕಾನೂನು ಬೇಡವೆಂದಲ್ಲ. ನಮ್ಮ ಕನ್ನಡ ಶಾಲೆಗಳಿಗಾಗಿ, ನಮ್ಮ ಭಾಷೆಯಲ್ಲಿ ಸರಕಾರಿ ಕಾಗದಪತ್ರಗಳಿಗಾಗಿ ನಾವು ಕೇಳಲೇಬೇಕು. ಆದರೆ ಮನೆಯ ಜಗಲಿಯಲ್ಲಿ ನಡೆಯಬೇಕಾದ ಕೆಲಸವನ್ನು ಯಾವ ಸರಕಾರವೂ ಮಾಡಿಕೊಡಲಾರದು.

ತಾಯಂದಿರಲ್ಲಿ, ಹಿರಿಯರಲ್ಲಿ ನನ್ನ ವಿನಂತಿಯಿಷ್ಟೆ. ತೆನೆ ಕಟ್ಟುವ ದಿನ, ಬಿಸುಕಣಿಯ ಬೆಳಗ್ಗೆ, ದೀಪಾವಳಿಯ ಸಂಜೆ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಆ ಹಬ್ಬದ ಕಥೆಯನ್ನು ಕನ್ನಡದಲ್ಲಿ ಹೇಳಿರಿ. ಅಂದು ನೆರೆಮನೆಯ ಮಲೆಯಾಳಿಗಳನ್ನೂ, ಬೇರೆ ಊರುಗಳಿಂದ ದುಡಿಯಲು ಬಂದು ಒಂಟಿಯಾಗಿರುವವರನ್ನೂ ಮನೆಗೆ ಕರೆಯಿರಿ. ತನ್ನ ಹಬ್ಬವನ್ನು ತನ್ನ ನುಡಿಯಲ್ಲಿ ಆಚರಿಸುವವನಿಗೆ ಪರರಿಗೆ ಬಾಗಿಲು ತೆರೆಯಲು ಅಂಜಿಕೆಯಿರುವುದಿಲ್ಲ.