ರತ್ನಗಿರಿಯ ನೋಟಗಳು ಮತ್ತು ನೆಲದ ಹಕ್ಕು

(ಗುಡ್ಡಗಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಂಬೋಡಿಯಾ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಅಂಕೋರ್ ವಾಟ್ ದೇವಾಲಯ. 1986ರಿಂದ 1993ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದ್ದರು. ಪ್ರವಾಸಿಗರಲ್ಲಿ ಹೆಚ್ಚಿನವರು ಆ ಶಿಲಾವೈಭವವನ್ನು ನೋಡಿ ಮರಳುತ್ತಾರೆ. ಇಂದು ನಾನು ಮಾತನಾಡಲಿರುವುದು ಅದೇ ದೇಶದ ಈಶಾನ್ಯ ಮೂಲೆಯ ಒಂದು ಗುಡ್ಡಗಾಡು ಪ್ರಾಂತ್ಯವನ್ನು ಕುರಿತು. ಅದರ ಹೆಸರು ರತನಕಿರಿ. ಉತ್ತರಕ್ಕೆ ಲಾವೋಸ್, ಪೂರ್ವಕ್ಕೆ ವಿಯೆಟ್ನಾಂ ದೇಶಗಳ ಗಡಿ. ರಾಜಧಾನಿ ನಾಮ್ ಪೆನ್‌ನಿಂದ ಅಲ್ಲಿಗೆ ಇಡೀ ಹಗಲಿನ ಪ್ರಯಾಣ.

ಈ ಹೆಸರನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರತ್ನ ಮತ್ತು ಗಿರಿ ಎಂಬ ಸಂಸ್ಕೃತ ಪದಗಳೇ ಖ್ಮೇರ್ ಭಾಷೆಯ ಉಚ್ಚಾರಣೆಯಲ್ಲಿ ರತನಕಿರಿ ಎಂದಾಗಿವೆ. 1959ರಲ್ಲಿ ಈ ಪ್ರಾಂತ್ಯ ರಚನೆಯಾದಾಗ ಇಟ್ಟ ಹೆಸರಿದು. ಬೊಕೆವ್ ಎಂಬಲ್ಲಿ ಜನರು ಕೈಯಿಂದಲೇ ಕಿರಿದಾದ ಬಾವಿಗಳನ್ನು ತೋಡಿ, ಕೆಂಪು ಮಣ್ಣಿನ ಆಳದಿಂದ ಜಿರ್ಕಾನ್ ಎಂಬ ಹರಳನ್ನು ತೆಗೆಯುತ್ತಾರೆ. ಕಾಯಿಸಿದಾಗ ಅದು ತಿಳಿನೀಲಿ ಬಣ್ಣ ತಾಳುತ್ತದೆ. ಆ ಕೆಂಪು ಮಣ್ಣಾದರೋ ಹಿಂದೊಮ್ಮೆ ಹರಿದ ಜ್ವಾಲಾಮುಖಿಯ ಲಾವಾ ಶಿಥಿಲಗೊಂಡು ಆದದ್ದು. ಬಹು ಫಲವತ್ತಾದ ಮಣ್ಣು. ಈ ಪ್ರಾಂತ್ಯದ ಭಾಗ್ಯಕ್ಕೂ ದೌರ್ಭಾಗ್ಯಕ್ಕೂ ಅದೇ ಕಾರಣವೆಂಬುದು ಮುಂದೆ ನಿಮಗೆ ತಿಳಿಯುತ್ತದೆ.

ಇಲ್ಲಿನ ಮೂಲನಿವಾಸಿಗಳು ಖ್ಮೇರರಲ್ಲ. ತಂಪುವಾನ್, ಜರಾಯ್, ಕ್ರುಂಗ್, ಬ್ರಾವ್, ಕಚಕ್ ಮೊದಲಾದ ಸಮುದಾಯಗಳವರು. ಬಯಲುಸೀಮೆಯ ಆಡಳಿತವು ಇವರೆಲ್ಲರನ್ನೂ ಒಟ್ಟಾಗಿ ‘ಮೇಲಿನ ಖ್ಮೇರರು’ ಎಂದು ಕರೆಯಿತು. ಒಂದು ತುಂಡು ಕಾಡನ್ನು ಕಡಿದು, ಸುಟ್ಟು, ಕೆಲವು ವರ್ಷ ಬೆಳೆ ತೆಗೆದು, ಬಳಿಕ ಅದನ್ನು ಮತ್ತೆ ಕಾಡಾಗಲು ಬಿಟ್ಟು ಬೇರೆಡೆಗೆ ಹೋಗುವುದು ಇವರ ಬೇಸಾಯದ ಕ್ರಮ. ನಮ್ಮ ಘಟ್ಟಗಳಲ್ಲಿ ಇದಕ್ಕೆ ಕುಮರಿ ಎಂಬ ಹೆಸರಿತ್ತು. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕಾಡಿನ ನಾಶವೆಂದು ಬಗೆದು ನಿರ್ಬಂಧಿಸಿದರು. ಬೀಳುಬಿಟ್ಟ ನೆಲ ಒಡೆಯನಿಲ್ಲದ ನೆಲವೆಂದು ಕಚೇರಿಯ ಕಣ್ಣಿಗೆ ಕಾಣುವುದು ಅಲ್ಲಿಯೂ ಇಲ್ಲಿಯೂ ಒಂದೇ ರೀತಿ.

ಇನ್ನು ನೋಡತಕ್ಕ ಸ್ಥಳಗಳಿಗೆ ಬರೋಣ. ಪ್ರಾಂತ್ಯದ ಕೇಂದ್ರ ಬಾನ್‌ಲುಂಗ್ ಪಟ್ಟಣ. ಅಲ್ಲಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಯಾಕ್ ಲೋಮ್ ಎಂಬ ಸರೋವರವಿದೆ. ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಸರೋವರ. ಬಟ್ಟಲಿನಂತೆ ದುಂಡಗಿದೆ. ಆಳ ಸುಮಾರು 50 ಮೀಟರ್. ಸುತ್ತಲೂ ದಟ್ಟ ಕಾಡು, ಮರಗಳ ನಡುವೆ ಒಂದು ಸುತ್ತು ಬರುವ ಕಾಲುದಾರಿ. ಹೆಸರಿನಲ್ಲಿರುವ ‘ಯಾಕ್’ ಎಂಬುದು ನಮ್ಮ ‘ಯಕ್ಷ’ ಪದವೇ. ಈ ನೀರಿನಲ್ಲಿಯೂ ಸುತ್ತಲ ಕಾಡಿನಲ್ಲಿಯೂ ಶಕ್ತಿಗಳು ವಾಸಿಸುತ್ತವೆಂಬುದು ತಂಪುವಾನ್ ಜನರ ನಂಬಿಕೆ. ಕೊಡಗಿನ ದೇವರಕಾಡನ್ನು ಬಲ್ಲವರಿಗೆ ಈ ನಂಬಿಕೆಯ ಬೆಲೆ ಏನೆಂಬುದು ಗೊತ್ತು. ಮರ ಕಡಿಯಬಾರದೆಂಬ ಕಟ್ಟಳೆ ಅಲ್ಲಿ ಫಲಕದ ಮೇಲೆ ಬರೆಯುವ ಮುಂಚೆಯೇ ಜನರ ಮನಸ್ಸಿನಲ್ಲಿತ್ತು.

1990ರ ದಶಕದಲ್ಲಿ ದೇಶದಲ್ಲಿ ಶಾಂತಿ ನೆಲೆಸತೊಡಗಿ ಪ್ರವಾಸಿಗರು ಬರಲಾರಂಭಿಸಿದಾಗ ಈ ಸರೋವರದ ಮೇಲೆ ಹಲವರ ಕಣ್ಣು ಬಿತ್ತು. ಆ ದಶಕದ ಕೊನೆಯ ಭಾಗದಲ್ಲಿ ಪ್ರಾಂತ್ಯಾಡಳಿತವು ಸರೋವರದ ಉಸ್ತುವಾರಿಯನ್ನು 25 ವರ್ಷಗಳ ಅವಧಿಗೆ ಅಲ್ಲಿನ ತಂಪುವಾನ್ ಗ್ರಾಮಗಳಿಗೇ ವಹಿಸಿತು. ಹಳ್ಳಿಗರ ಸಮಿತಿ ರಚನೆಯಾಯಿತು. ಪ್ರವೇಶದ ಚೀಟಿ ಹರಿಯುವವರು, ಕಾವಲುಗಾರರು, ದಾರಿ ತೋರಿಸುವವರು ಎಲ್ಲರೂ ಊರಿನವರಾದರು. ಹೆಂಗಸರು ನೇಯ್ದ ಬಟ್ಟೆ, ಬುಟ್ಟಿಗಳು ಅಲ್ಲಿಯೇ ಮಾರಾಟವಾದವು. ಬಂದ ಹಣವನ್ನು ದಾರಿ, ಮೆಟ್ಟಿಲುಗಳ ದುರಸ್ತಿಗೂ ಗ್ರಾಮದ ಕೆಲಸಕ್ಕೂ ಬಳಸಿದರು. ಪ್ರವಾಸೋದ್ಯಮವನ್ನು ಊರಿನವರೇ ನಡೆಸಬಹುದೆಂಬುದಕ್ಕೆ ಯಾಕ್ ಲೋಮ್ ಹಲವು ವರ್ಷ ಮಾದರಿಯಾಗಿ ನಿಂತಿತು.

ಆದರೆ ಮಿತ್ರರೇ, ಸರೋವರದ ಕಾಡಿನ ಬಳೆಯನ್ನು ದಾಟಿ ಹೊರಗೆ ಬಂದರೆ ಬೇರೆಯೇ ನೋಟ. 1989ರಿಂದ 2007ರವರೆಗೆ ರತನಕಿರಿಯ ಭೂಬಳಕೆ ಹೇಗೆ ಬದಲಾಯಿತೆಂಬುದನ್ನು ಪರಿಶೀಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಪಟ್ಟಣಕ್ಕೂ ರಸ್ತೆಗೂ ಹತ್ತಿರವಿದ್ದ ಯಾಕ್ ಲೋಮ್ ಗ್ರಾಮಗಳಲ್ಲಿ ಹಳ್ಳಿಗರ ನೆಲ ಹೊರಗಿನವರ ಕೈಸೇರಿ, ಕಾಡೂ ಬೀಳುಭೂಮಿಯೂ ಗೇರು ತೋಟಗಳಾಗುತ್ತಿದ್ದುದನ್ನು ಅದು ತೋರಿಸಿತು. ಸರೋವರದ ಗೇಟು ಊರಿನವರ ಕೈಯಲ್ಲಿತ್ತು. ಅವರು ಉಣ್ಣುವ ಅನ್ನ ಬೆಳೆಯುತ್ತಿದ್ದ ನೆಲಕ್ಕೆ ಗೇಟು ಇರಲಿಲ್ಲ. ಪ್ರವಾಸಿ ನೋಡುವುದು ಸರೋವರವನ್ನು. ಊರು ಬದುಕುವುದು ಸರೋವರದಾಚೆಯ ಹೊಲದಲ್ಲಿ.

ಎರಡನೆಯದಾಗಿ ಜಲಪಾತಗಳು. ಬಾನ್‌ಲುಂಗ್ ಸುತ್ತಮುತ್ತ ಕಚಾನ್, ಕಟಿಯಂಗ್, ಚಾ ಓಂಗ್ ಎಂಬ ಮೂರು ಜಲಪಾತಗಳು ಪ್ರಸಿದ್ಧ. ಚಾ ಓಂಗ್‌ನಲ್ಲಿ ಬಂಡೆಯ ಚಾಚಿನ ಕೆಳಗೆ ನಿಂತು, ಬೀಳುವ ನೀರಿನ ಹಿಂಬದಿಯಿಂದಲೇ ಕಣಿವೆಯನ್ನು ನೋಡಬಹುದು. ಆದರೆ ಈ ಭಾಗದಲ್ಲಿ ಪ್ರವಾಸಿ ಹಾದುಹೋಗುವ ದಾರಿಯ ಎರಡೂ ಬದಿಗೆ ಕಾಣುವುದು ಸಾಲುಸಾಲಾಗಿ ನಿಂತ ರಬ್ಬರ್ ಮರಗಳು. ಅವುಗಳ ಇತಿಹಾಸ ಹಳೆಯದು. 1960ರ ದಶಕದಲ್ಲಿ ಸರ್ಕಾರವು ಈ ಕೆಂಪು ಮಣ್ಣಿನಲ್ಲಿ ದೊಡ್ಡ ರಬ್ಬರ್ ತೋಟವನ್ನು ಸ್ಥಾಪಿಸಿ ಗುಡ್ಡಗಾಡಿನ ಜನರ ನೆಲವನ್ನು ಕಿತ್ತುಕೊಂಡಿತು. 1968ರಲ್ಲಿ ಅವರು ದಂಗೆಯೆದ್ದರು. ಸೈನ್ಯ ಅದನ್ನು ಕ್ರೂರವಾಗಿ ಹತ್ತಿಕ್ಕಿತು. ಅದರ ಬೆನ್ನಿಗೇ ಯುದ್ಧ ಬಂತು. ವಿಯೆಟ್ನಾಂ ಸೈನಿಕರ ಗುಪ್ತ ಮಾರ್ಗ ಇದೇ ಕಾಡಿನಲ್ಲಿ ಹಾದುಹೋಗುತ್ತಿದ್ದುದರಿಂದ 1973ರವರೆಗೆ ಅಮೆರಿಕದ ವಿಮಾನಗಳು ಇಲ್ಲಿ ಬಾಂಬುಗಳನ್ನು ಸುರಿದವು. ಅನಂತರ ಖ್ಮೇರ್ ರೂಜ್ ಆಳ್ವಿಕೆಯ ಘೋರ ವರ್ಷಗಳು.

ಇಷ್ಟೆಲ್ಲವನ್ನೂ ದಾಟಿ ಬದುಕಿದ ಜನರಿಗೆ 2000ದ ಬಳಿಕ ಎದುರಾದದ್ದು ‘ಆರ್ಥಿಕ ಭೂ ಗುತ್ತಿಗೆ’ ಎಂಬ ಹೊಸ ಪದ. ಸಾವಿರಾರು ಹೆಕ್ಟೇರ್ ನೆಲವನ್ನು ಸರ್ಕಾರ ದೀರ್ಘಾವಧಿಗೆ ಕಂಪನಿಗಳಿಗೆ ಕೊಟ್ಟಿತು. ಬಹುಪಾಲು ರಬ್ಬರಿಗಾಗಿ. ‘ಗ್ಲೋಬಲ್ ವಿಟ್ನೆಸ್’ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯು ರತನಕಿರಿಯಲ್ಲಿ ವಿಯೆಟ್ನಾಂ ಮೂಲದ ರಬ್ಬರ್ ಕಂಪನಿಗಳಿಂದ ಹಳ್ಳಿಗರ ಹೊಲಗಳೂ ಪವಿತ್ರ ಕಾಡುಗಳೂ ನಾಶವಾದುದನ್ನು ಜಗತ್ತಿನ ಮುಂದಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ, 2012ರ ಮೇ ತಿಂಗಳಿನಲ್ಲಿ, ಸರ್ಕಾರ ಹೊಸ ಗುತ್ತಿಗೆಗಳಿಗೆ ತಡೆ ಹಾಕಿತ್ತು. ಅಷ್ಟರಲ್ಲಿ ನೆಲದ ಬಹುಭಾಗ ಕೈಬಿಟ್ಟಾಗಿತ್ತು.

ಮೂರನೆಯದು ನದಿ. ವಿಯೆಟ್ನಾಂನಿಂದ ಇಳಿದುಬರುವ ಸೇಸಾನ್ ನದಿ ರತನಕಿರಿಯನ್ನು ಹಾದು ಮುಂದೆ ಮೆಕಾಂಗ್ ಸೇರುತ್ತದೆ. ವೋನ್ ಸಾಯ್ ಎಂಬಲ್ಲಿ ದೋಣಿಯೇರಿ ದಡದ ಹಳ್ಳಿಗಳನ್ನು ನೋಡುವುದು ಪ್ರವಾಸಿಗರ ಕಾರ್ಯಕ್ರಮದಲ್ಲೊಂದು. ಗಡಿಯಾಚೆ, ನದಿಯ ಮೇಲ್ಭಾಗದಲ್ಲಿ, 1993ರಲ್ಲಿ ಯಾಲಿ ಜಲಪಾತದ ಬಳಿ 720 ಮೆಗಾವ್ಯಾಟ್ ಸಾಮರ್ಥ್ಯದ ಅಣೆಕಟ್ಟಿನ ಕೆಲಸ ಶುರುವಾಯಿತು. 1996ರಿಂದ ಕೆಳಗಿನ ಹಳ್ಳಿಗಳಲ್ಲಿ ಮಳೆಯಿಲ್ಲದೆಯೇ ನೀರು ಏರುವುದು, ಹಠಾತ್ತನೆ ಇಳಿಯುವುದು ಕಂಡುಬಂತು. ಜನ, ಜಾನುವಾರು, ದೋಣಿ, ಬಲೆಗಳು ಕೊಚ್ಚಿಹೋದವು. ಅಣೆಕಟ್ಟು ಬೇರೆ ದೇಶದ್ದು. ದೂರು ಕೊಡಬೇಕಾದ ಕಚೇರಿ ಯಾವುದೆಂಬುದೇ ಜನರಿಗೆ ತಿಳಿಯದು. ನದಿದಡದ ಹಳ್ಳಿಗಳವರು ಕೂಡಿ ಸೇಸಾನ್ ಸಂರಕ್ಷಣಾ ಜಾಲವನ್ನು ಕಟ್ಟಿಕೊಂಡರು. ಮುಂದೆ ಅದು ಸೇಸಾನ್, ಸ್ರೇಪೋಕ್, ಸೇಕಾಂಗ್ ಎಂಬ ಮೂರು ನದಿಗಳ ಜಾಲವಾಯಿತು.

ಆದರೂ ನದಿಯ ಕೆಳಭಾಗದಲ್ಲಿ, ಪಕ್ಕದ ಸ್ಟುಂಗ್ ಟ್ರೆಂಗ್ ಪ್ರಾಂತ್ಯದಲ್ಲಿ, 400 ಮೆಗಾವ್ಯಾಟ್‌ನ ಲೋವರ್ ಸೇಸಾನ್-2 ಅಣೆಕಟ್ಟು ಎದ್ದುನಿಂತಿತು. ಈ ಒಂದು ಅಣೆಕಟ್ಟಿನಿಂದಲೇ ಇಡೀ ಮೆಕಾಂಗ್ ಕೊಳ್ಳದ ಮೀನಿನ ಒಟ್ಟು ತೂಕದಲ್ಲಿ ಶೇ. 9.3ರಷ್ಟು ಇಳಿಯಬಹುದೆಂದು ವಿಜ್ಞಾನಿಗಳು 2012ರಲ್ಲಿಯೇ ಲೆಕ್ಕ ಹಾಕಿ ಹೇಳಿದ್ದರು. 2017ರಲ್ಲಿ ಅದರ ಬಾಗಿಲುಗಳನ್ನು ಮುಚ್ಚಲಾಯಿತು. ಸುಮಾರು 5,000 ಜನ ನೆಲೆ ಕಳೆದುಕೊಂಡರು. ಹಳೆಯ ಊರುಗಳೂ ಪೂರ್ವಿಕರ ಸಮಾಧಿಗಳೂ ಮುಳುಗಿದವು. ಹೀಗೆ ಮೇಲೆಯೂ ಕೆಳಗೆಯೂ ಕಟ್ಟಿಹಾಕಿದ ನದಿಯ ಮೇಲೆ ದೋಣಿ ವಿಹಾರ ನಡೆಯುತ್ತದೆ. ನೋಡುವವನಿಗೆ ನೀರು ಕಾಣುತ್ತದೆ, ಮೀನು ಇಲ್ಲದಿರುವುದು ಕಾಣುವುದಿಲ್ಲ.

ನಾಲ್ಕನೆಯ ವಿಷಯವನ್ನು ಸಂಕೋಚದಿಂದಲೇ ಹೇಳಬೇಕು. ಸೇಸಾನ್ ದಡದ ಕಚೋನ್ ಗ್ರಾಮದ ಬಳಿ ತಂಪುವಾನ್ ಜನರ ಸ್ಮಶಾನವಿದೆ. ಸಮಾಧಿಗಳ ಮುಂದೆ ಸತ್ತವರ ನೆನಪಿಗೆ ಮರದ ಗೊಂಬೆಗಳನ್ನು ಕೆತ್ತಿ ನಿಲ್ಲಿಸುವುದು ಅವರ ಪದ್ಧತಿ. ಕೋಣವನ್ನು ಬಲಿಕೊಟ್ಟು, ಊರೆಲ್ಲ ಸೇರಿ ಸತ್ತವರನ್ನು ಕಳುಹಿಸಿಕೊಡುವ ದೊಡ್ಡ ಆಚರಣೆಯದು. ಇದು ಪ್ರವಾಸ ಕೈಪಿಡಿಗಳಲ್ಲಿ ‘ನೋಡಲೇಬೇಕಾದ ಸ್ಥಳ’ವಾಗಿ ಸೇರಿತು. ನಮ್ಮ ಮನೆಯವರ ಸಮಾಧಿಯೆದುರು ಅಪರಿಚಿತರು ನಗುತ್ತ ನಿಂತು ಫೋಟೋ ತೆಗೆಸಿಕೊಂಡರೆ ನಮಗೆ ಹೇಗನಿಸೀತು? ಎಲ್ಲವೂ ನೋಟದ ವಸ್ತುವಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬ ತೀರ್ಮಾನ ಆ ಊರಿನದಾಗಬೇಕು.

ಹಾಗಾದರೆ ದಾರಿ ಏನು? ಕಾಂಬೋಡಿಯಾದ 2001ರ ಭೂ ಕಾನೂನು ಒಂದು ದಾರಿಯನ್ನು ತೆರೆದಿದೆ. ಮೂಲನಿವಾಸಿ ಸಮುದಾಯವು ತನ್ನ ನೆಲವನ್ನು ಸಾಮೂಹಿಕ ಒಡೆತನದಲ್ಲಿ ನೋಂದಾಯಿಸಿಕೊಳ್ಳಬಹುದು. ಹೊರಗಿನವರು ಅದರ ಮೇಲೆ ಹಕ್ಕು ಪಡೆಯುವಂತಿಲ್ಲ. 2009ರ ಉಪನಿಯಮವು ಮನೆಗಳ ನೆಲ, ಬೇಸಾಯದ ನೆಲ, ಬೀಳುಬಿಟ್ಟ ಮೀಸಲು ನೆಲ, ದೈವದ ಕಾಡು, ಸ್ಮಶಾನ ಇವೈದನ್ನೂ ಹಕ್ಕುಪತ್ರದಲ್ಲಿ ಸೇರಿಸಿತು. ಬೀಳುಭೂಮಿಯೂ ಬೇಸಾಯದ ಭಾಗವೇ ಎಂದು ಕಾನೂನು ಒಪ್ಪಿದ್ದು ದೊಡ್ಡ ಮಾತು. ಆದರೆ ದೈವದ ಕಾಡಿಗೂ ಸ್ಮಶಾನಕ್ಕೂ ತಲಾ 7 ಹೆಕ್ಟೇರಿನ ಮಿತಿ. ಮೂರು ಸಚಿವಾಲಯಗಳ ಬಾಗಿಲು ತಟ್ಟಬೇಕು. ಕಾನೂನು ಬಂದು ಹತ್ತು ವರ್ಷಗಳ ಬಳಿಕ, 2011ರಲ್ಲಿ, ಮೊದಲ ಹಕ್ಕುಪತ್ರಗಳು ಕೈಗೆ ಬಂದವು. ಆ ಹತ್ತು ವರ್ಷಗಳಲ್ಲಿ ಗುತ್ತಿಗೆಗಳು ಮಾತ್ರ ವೇಗವಾಗಿ ಸಾಗಿದ್ದವು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2012ರಲ್ಲಿ ಸರ್ಕಾರವು ಸಾವಿರಾರು ವಿದ್ಯಾರ್ಥಿ ಸ್ವಯಂಸೇವಕರಿಗೆ ಸಮವಸ್ತ್ರ ತೊಡಿಸಿ, ಜಮೀನು ಅಳೆದು ಖಾಸಗಿ ಪಟ್ಟೆ ಕೊಡಿಸಲು ಹಳ್ಳಿಗಳಿಗೆ ಕಳುಹಿಸಿತು. ಬಡವರಿಗೆ ಪಟ್ಟೆ ಸಿಗುವುದು ಒಳ್ಳೆಯದೇ. ಆದರೆ ಸಾಮೂಹಿಕ ಹಕ್ಕಿಗಾಗಿ ಕಾಯುತ್ತಿದ್ದ ಹಳ್ಳಿಗಳಲ್ಲಿ ಈ ಅಳತೆಯಿಂದ ಒಡಕು ಮೂಡಿತು. ಕೆಲವರು ಖಾಸಗಿ ಪಟ್ಟೆ ಪಡೆದರು, ಕೆಲವರು ಪಡೆಯಲಿಲ್ಲ. ಖಾಸಗಿ ಪಟ್ಟೆಯ ನೆಲವನ್ನು ಮಾರಬಹುದು. ಅಳತೆಯ ಸರಪಳಿ ಹಿಡಿದ ಹುಡುಗರಲ್ಲಿ ಕೆಟ್ಟ ಉದ್ದೇಶ ಇದ್ದಿರಲಾರದು. ಆ ನೆಲದ ಕಟ್ಟಳೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಓದಿದ ಮಕ್ಕಳು ಊರಿನ ನೆಲದ ಲೆಕ್ಕವನ್ನು ಊರಿನ ಹಿರಿಯರಿಂದ ಮೊದಲು ಕಲಿಯಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಪ್ರವಾಸಿಗರ ಹಣ ಕಾಡನ್ನು ಉಳಿಸುತ್ತದೆಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ವೋನ್ ಸಾಯ್ ಕಡೆಯ ಕಾಡಿನಲ್ಲಿ ಗಿಬ್ಬನ್ ಎಂಬ ಬಾಲವಿಲ್ಲದ ವಾನರವಿದೆ. ಅಲ್ಲಿನ ಪ್ರಭೇದವನ್ನು ವಿಜ್ಞಾನಿಗಳು ಪ್ರತ್ಯೇಕವಾಗಿ ಗುರುತಿಸಿದ್ದು 2010ರಲ್ಲಿ. ಸಣ್ಣ ತಂಡಗಳಲ್ಲಿ ಪ್ರವಾಸಿಗರನ್ನು ಹಳ್ಳಿಗರೇ ಕರೆದೊಯ್ದು, ಮುಂಜಾವಿನಲ್ಲಿ ಅದರ ಹಾಡು ಕೇಳಿಸುವ ವ್ಯವಸ್ಥೆ ನಡೆಯಿತು. ಒಳ್ಳೆಯ ಪ್ರಯತ್ನ, ಕೆಲವು ಮನೆಗಳಿಗೆ ಆಸರೆಯಾಯಿತು. ಆದರೂ ಮರಗಳ್ಳತನ ಆ ಕಾಡನ್ನು ಒಳಗಿನಿಂದ ಕೊರೆಯಿತು. ದಿನಕ್ಕೆ ನಾಲ್ಕಾರು ಜನರು ಕೊಡುವ ಶುಲ್ಕವು ಒಂದು ಲಾರಿ ಬೆಲೆಬಾಳುವ ಮರದ ಎದುರು ಎಷ್ಟರದು? ಹಣದ ಜೊತೆಗೆ ಹಕ್ಕೂ, ಹಕ್ಕನ್ನು ಕಾಯುವ ಆಡಳಿತವೂ ಇಲ್ಲದಿದ್ದರೆ ಪ್ರವಾಸೋದ್ಯಮವೊಂದೇ ಕಾಡನ್ನು ಕಾಯಲಾರದು.

ಇಷ್ಟು ದೂರದ ಕಥೆಯನ್ನು ಇಲ್ಲಿ ಹೇಳಿದ್ದೇಕೆಂದು ನೀವು ಊಹಿಸಿರಬಹುದು. ನಮ್ಮ ಗುಡ್ಡಗಳಿಗೂ ಪ್ರವಾಸಿಗರು ಬರುತ್ತಿದ್ದಾರೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅತಿಥಿಗೆ ಮಣೆ ಹಾಕುವುದು ನಮ್ಮ ಸಂಪ್ರದಾಯ. ಆದರೆ ಒಂದು ಸ್ಥಳವನ್ನು ‘ಪ್ರೇಕ್ಷಣೀಯ’ವೆಂದು ಘೋಷಿಸುವಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಅದರ ಗೇಟು ಯಾರ ಕೈಯಲ್ಲಿರುತ್ತದೆ? ಅದಕ್ಕೆ ನೀರುಣಿಸುವ ಮೇಲಿನ ಕಾಡೂ ಸುತ್ತಲ ಹೊಲವೂ ಯಾರ ಹೆಸರಿನಲ್ಲಿವೆ? ಯಾವುದನ್ನು ತೋರಿಸುವುದಿಲ್ಲವೆಂದು ಹೇಳುವ ಅಧಿಕಾರ ನಮಗಿದೆಯೇ? ಯಾಕ್ ಲೋಮ್‌ನ ಹಳ್ಳಿಗರು ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡಿದ್ದರು. ಎರಡನೆಯದಕ್ಕೆ ಉತ್ತರ ಹುಡುಕುವಷ್ಟರಲ್ಲಿ ನೆಲ ಜಾರಿತ್ತು. ನಮಗೆ ಇನ್ನೂ ಸ್ವಲ್ಪ ಕಾಲಾವಕಾಶವಿದೆ. ನಿಮ್ಮ ನಿಮ್ಮ ಊರಿನ ಪಹಣಿಗಳನ್ನು ಈ ವಾರವೇ ತೆರೆದು ನೋಡಿ.