ಎಮ್ಡನ್ ಎಂಬ ಮಾತು

(ವಡಪಳನಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನಲ್ಲಿ ಗಟ್ಟಿಗನಾದ ಚತುರನನ್ನು ‘ಅವನೊಬ್ಬ ಎಮ್ಡನ್’ ಎನ್ನುವುದನ್ನು ತಾವೆಲ್ಲ ಕೇಳಿರಬಹುದು. ಎಮ್ಡನ್ ಜರ್ಮನಿಯ ಒಂದು ಪಟ್ಟಣ. ಆ ಹೆಸರು ಹೊತ್ತ ಯುದ್ಧನೌಕೆಯು 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಸುರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ, ಕತ್ತಲೆಯಲ್ಲಿ ಮರೆಯಾಯಿತು. ಎಷ್ಟೋ ಜನ ಊರು ಬಿಟ್ಟರು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ನೌಕೆ ಅದನ್ನು ಹಾಳುಗೆಡವಿತು. ಹಡಗು ಹೋಯಿತು, ಹೆಸರು ಉಳಿಯಿತು. ವೈರಿಯ ಹೆಸರೇ ಬರಬರುತ್ತ ಮೆಚ್ಚುಗೆಯ ಮಾತಾಯಿತು.

ಇದಕ್ಕೆ ತದ್ವಿರುದ್ಧವಾದ ಮಾತೊಂದು ನಮ್ಮ ಕಡೆಯಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ, ಅವನು ಗೆದ್ದ ನಾಡುಗಳ ಸಾಲಿನಲ್ಲಿ, ಕೊಂಗು ಎಂಬ ಹೆಸರಿದೆ. ಕೊಯಮತ್ತೂರು, ಈರೋಡುಗಳ ಸೀಮೆಯೇ ಆ ನಾಡು. ಅಲ್ಲಿಯವನಿಗಷ್ಟೇ ಸಲ್ಲುವ ‘ಕೊಂಗ’ ಎಂಬ ಹೆಸರನ್ನು ನಮ್ಮವರಲ್ಲಿ ಕೆಲವರು ತಮಿಳರೆಲ್ಲರಿಗೂ ಹಚ್ಚಿ ಬೈಗುಳ ಮಾಡಿದರು.

ಗುಂಡು ಹಾಕಿದ ಹಡಗಿನ ಹೆಸರನ್ನು ಈ ಊರು ಹೊಗಳಿಕೆಯಾಗಿಸಿಕೊಂಡಿತು. ಅನ್ನ ನೆರಳು ಕೊಟ್ಟ ನೆರೆಯವರ ಹೆಸರು ನಮ್ಮ ಬಾಯಲ್ಲಿ ಬೈಗುಳವಾಗಬಹುದೆ? ನಮ್ಮ ಮಕ್ಕಳು ಕನ್ನಡವನ್ನು ಚೆನ್ನಾಗಿ ಕಲಿಯಲಿ. ಆ ಒಂದು ಮಾತನ್ನು ಮಾತ್ರ ಕಲಿಯದಿರಲಿ.